ಹೆಸರು ಕಾಳು, ಅಪ್ಪನ ಹೆಸರು ಮತ್ತು ನಮ್ಮ ಬೆಳೆ ಪರಿಹಾರ

ಮೊನ್ನೆ ಬೆಳೆ ಪರಿಹಾರದ ಎರಡನೇ ಕಂತು ಬಂತು. 11,179 ರೂಪಾಯಿ. ಮೊದಲ ಕಂತೂ ಅಷ್ಟೇ ಇತ್ತು. ಎರಡೂ ಸೇರಿ 22,358. 2025ರ ಸೆಪ್ಟೆಂಬರ್‌ನಲ್ಲಿ ಭೀಮಾ ನದಿ ನಮ್ಮ ಹೊಲಕ್ಕೆ ನುಗ್ಗಿದ ಮೇಲೆ ಈ ದುಡ್ಡಿಗಾಗಿ ನಾನು ಎಷ್ಟು ಸಲ ಊರು ಬಿಟ್ಟು ಓಡಾಡಿದೆ ಅಂತ ಅವ್ವ ಲೆಕ್ಕ ಇಟ್ಟಿದ್ದಾಳೆ. ಹದಿನಾಲ್ಕು ಸಲ. ನಾನು ಹನ್ನೊಂದು ಅಂದುಕೊಂಡಿದ್ದೆ. ಕ್ಯಾಲೆಂಡರ್ ಮೇಲೆ ಪೆನ್ಸಿಲ್ ಗೆರೆ ಎಳೆದಿದ್ದಾಳೆ, ಹಾಲಿನ ಲೆಕ್ಕದ ಪಕ್ಕದಲ್ಲೇ. ಹಾಗಾಗಿ ವಾದ ಮಾಡಲಿಲ್ಲ.

ಈ ಹದಿನಾಲ್ಕರಲ್ಲಿ ಹತ್ತು ಸಲ ಹೋಗುವ ಅಗತ್ಯವೇ ಇರಲಿಲ್ಲ. ಯಾವ ಕಾಗದ ಎಲ್ಲಿ ನೋಡಬೇಕು ಅಂತ ಮೊದಲೇ ಗೊತ್ತಿದ್ದರೆ ನಾಲ್ಕರಲ್ಲಿ ಮುಗಿಯುತ್ತಿತ್ತು. ನಮ್ಮ ಓಣಿಯಲ್ಲೇ ಇನ್ನೂ ಆರೇಳು ಮನೆಯವರು ಓಡಾಡುತ್ತಿದ್ದಾರೆ. ಅವರಿಗೆ ಬಾಯಲ್ಲಿ ಹೇಳಿ ಹೇಳಿ ಸಾಕಾಯಿತು, ಬರೆದೇ ಬಿಡೋಣ ಅಂತ ಕೂತೆ.

ನಮ್ಮದು ಕಲಬುರಗಿ ಜಿಲ್ಲೆ, ಭೀಮಾ ದಂಡೆಯ ಊರು. ಎರಡು ಹೊಲ. ಒಂದು 3 ಎಕರೆ 10 ಗುಂಟೆ, ನನ್ನ ಹೆಸರಿನಲ್ಲಿದೆ. ಇನ್ನೊಂದು 2 ಎಕರೆ 20 ಗುಂಟೆ, ನದಿಗೆ ಇನ್ನೂ ಹತ್ತಿರ. ಅದು ಅಪ್ಪನ ಹೆಸರಿನಲ್ಲಿದೆ. ಅಪ್ಪ ಹೋಗಿ ಮೂರು ವರ್ಷ ಆಯಿತು. ಪಹಣಿಯಲ್ಲಿ ಮಾತ್ರ ಇನ್ನೂ ಇದ್ದಾರೆ. ಈ ಮಾತು ನೆನಪಿರಲಿ, ಮುಂದೆ ಬರುತ್ತದೆ.

ಈ ಸಲ ಮಳೆ ಆಗಸ್ಟ್‌ನಿಂದಲೇ ಬಿಟ್ಟಿರಲಿಲ್ಲ. ಕಟಾವಿಗೆ ಬಂದ ಹೆಸರನ್ನು ಅರ್ಧಕ್ಕರ್ಧ ಹಸಿಯಲ್ಲೇ ಕಿತ್ತು ತಂದಿದ್ದೆವು. ತೊಗರಿಯಾದರೂ ಉಳಿಯುತ್ತದೆ ಅಂತ ಇದ್ದೆವು. ಅವ್ವ ದಸರಾ ಘಟ ಹಾಕಿದ ವಾರದಲ್ಲೇ ಮಹಾರಾಷ್ಟ್ರದ ಕಡೆ ಸೀನಾ ನದಿ ತುಂಬಿತು, ಉಜನಿ ಅಣೆಕಟ್ಟಿನಿಂದಲೂ ನೀರು ಬಿಟ್ಟರು. ಎರಡೂ ಸೇರಿ ಕೆಳಗೆ ನಮ್ಮ ಮೇಲೆ ಬಂತು. ಐದು ದಿನ ತೊಗರಿ ಎದೆಯುದ್ದ ನೀರಿನಲ್ಲಿ ನಿಂತಿತ್ತು. ನೀರು ಇಳಿದ ಮೇಲೆ ಗಿಡ ಹಸಿರಾಗೇ ಕಾಣಿಸಿತು. ಬದುಕಿತು ಅಂತ ಒಂದು ದಿನ ಖುಷಿಪಟ್ಟೆ. ಮೂರನೇ ದಿನ ಒಂದು ಗಿಡ ಹಿಡಿದು ಎಳೆದರೆ ಮೂಲಂಗಿಯಂತೆ ಸಲೀಸಾಗಿ ಕೈಗೆ ಬಂತು. ಬೇರಿನ ಸಿಪ್ಪೆ ಜಾರಿ ನನ್ನ ಬೆರಳಿಗೆ ಅಂಟಿಕೊಂಡಿತು, ಕೊಳೆತ ಮೊಟ್ಟೆಯ ವಾಸನೆ. ವಾರದಲ್ಲಿ ಇಡೀ ಹೊಲ ಕಂದು ಬಣ್ಣಕ್ಕೆ ತಿರುಗಿತು.

ಸೆಪ್ಟೆಂಬರ್ 30ಕ್ಕೆ ಮುಖ್ಯಮಂತ್ರಿ ಹೆಲಿಕಾಪ್ಟರ್‌ನಲ್ಲಿ ನಮ್ಮ ಕಡೆಯ ನೆರೆ ನೋಡಿ ಹೋದರು. ಎನ್‌ಡಿಆರ್‌ಎಫ್ (ಕೇಂದ್ರದ ವಿಪತ್ತು ಪರಿಹಾರ ನಿಧಿ) ದರದ ಮೇಲೆ ರಾಜ್ಯ ಸರ್ಕಾರ ಹೆಕ್ಟೇರಿಗೆ 8,500 ಜಾಸ್ತಿ ಕೊಡುತ್ತದೆ ಅಂದರು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಊರಲ್ಲಿ ಅರ್ಧ ಜನ ಎಕರೆಗೆ 17,000 ಬರುತ್ತದೆ ಅಂತ ನಂಬಿದ್ದರು. ಅದು ಹೆಕ್ಟೇರಿಗೆ. ಒಂದು ಹೆಕ್ಟೇರ್ ಅಂದರೆ ಹತ್ತಿರ ಹತ್ತಿರ 2 ಎಕರೆ 19 ಗುಂಟೆ. ಆಗ ಕೇಂದ್ರದ ದರ ಮಳೆಯಾಶ್ರಿತ ಬೆಳೆಗೆ 8,500, ನೀರಾವರಿಗೆ 17,000, ತೋಟದಂಥ ಬಹುವರ್ಷದ ಬೆಳೆಗೆ 22,500. ಅದಕ್ಕೆ ತಲಾ 8,500 ಸೇರಿಸಿದರೆ 17,000, 25,500 ಮತ್ತು 31,000 ಆಗುತ್ತದೆ. ಬೆಳೆ 33 ಪರ್ಸೆಂಟಾದರೂ ಹಾಳಾಗಿರಬೇಕು. ಎಷ್ಟೇ ಹೊಲ ಇದ್ದರೂ 2 ಹೆಕ್ಟೇರಿಗೆ ಮಾತ್ರ ಸಿಗುತ್ತದೆ, ಅಂದರೆ 4 ಎಕರೆ 38 ಗುಂಟೆಗೆ. ನನ್ನಂಥ ಒಣಬೇಸಾಯದವರಿಗೆ ಒಂದು ಕಂತಿಗೆ ಎಕರೆಗೆ ಸುಮಾರು 3,440 ಬಿತ್ತು. ಬೀಜ, ಗೊಬ್ಬರ, ಎಡೆ ಹೊಡೆದದ್ದು, ಔಷಧ ಹೊಡೆದದ್ದು ಎಲ್ಲ ಕೂಡಿಸಿ ನೋಡುವ ಗೋಜಿಗೆ ಹೋಗಬೇಡಿ. ಹೊಟ್ಟೆ ಉರಿಯುತ್ತದೆ. ಇದು ಬೆಳೆಯ ಬೆಲೆ ಅಲ್ಲ, ಮತ್ತೆ ಬಿತ್ತೋದಕ್ಕೆ ಕೊಡುವ ಸಹಾಯ ಅಷ್ಟೇ.

ಇನ್ನೊಂದು ಗೊಂದಲ. ಬೆಳೆ ವಿಮೆ ಬೇರೆ, ಬೆಳೆ ಪರಿಹಾರ ಬೇರೆ. ವಿಮೆ ಕಟ್ಟಿದವರು ಹೊಲದಲ್ಲಿ ನೀರು ನಿಂತ 72 ಗಂಟೆಯೊಳಗೆ ತಿಳಿಸಬೇಕು, 14447ಕ್ಕೆ ಫೋನ್ ಮಾಡಿದರೂ ನಡೆಯುತ್ತದೆ. ನಮ್ಮ ಕಾಕಾ ವಿಮೆ ಕಟ್ಟಿದ್ದರು. ಆದರೆ ‘ಸರ್ವೇಕ್ಕ ಬರ್ತಾರಲ್ಲ, ಅವರಿಗೇ ಹೇಳಿದ್ರಾಯ್ತು’ ಅಂತ ಸುಮ್ನೆ ಕೂತರು. ಸರ್ವೇಗೆ ಬಂದವರು ಕಂದಾಯದವರು, ವಿಮೆಯವರಲ್ಲ. ನಾನಂತೂ ಈ ವರ್ಷ ವಿಮೆ ಕಟ್ಟಿರಲೇ ಇಲ್ಲ. ಹಾಗಾಗಿ ಅದರ ಬಗ್ಗೆ ಇಷ್ಟೇ.

ದಸರಾ ಮುಗಿದ ಮೇಲೆ ಜಂಟಿ ಸಮೀಕ್ಷೆಯ ತಂಡ ಬಂತು. ತಲಾಟಿ, ಕೃಷಿ ಇಲಾಖೆಯವರು ಒಬ್ಬರು, ಜೊತೆಗೆ ಇನ್ನೊಬ್ಬ ಹುಡುಗ. (ಈಗ ತಲಾಟಿಯನ್ನು ಗ್ರಾಮ ಆಡಳಿತ ಅಧಿಕಾರಿ ಅನ್ನಬೇಕು. ನಮ್ಮೂರಲ್ಲಿ ತಲಾಟಿ ಅಂದರೇನೇ ಗೊತ್ತಾಗೋದು.) ಕೆಸರಲ್ಲಿ ಗಾಡಿ ಹೋಗುತ್ತಿರಲಿಲ್ಲ. ಪ್ಯಾಂಟ್ ಮಡಚಿಕೊಂಡು ನಡೆದೇ ಬಂದರು, ಪಾಪ. ಹೊಲದಲ್ಲಿ ನಿಂತು ಫೋಟೋ ತೆಗೆದರು, ನನ್ನನ್ನೂ ನಿಲ್ಲಿಸಿಕೊಂಡರು. ‘ಎಲ್ಲಾ ಹೋಗ್ಯಾದ ಬಿಡ್ರಿ’ ಅಂತ ಅವರೇ ಅಂದರು. ನಾನು ಕೆಲಸ ಮುಗಿಯಿತು ಅಂದುಕೊಂಡೆ. ಅವರು ಏನು ಬರೆದುಕೊಂಡರು ಅಂತ ಕೇಳಲಿಲ್ಲ. ಅದು ನನ್ನ ಮೊದಲ ತಪ್ಪು.

ಹದಿನೈದು ದಿನದ ಮೇಲೆ ಪಂಚಾಯಿತಿ ಗೋಡೆಗೆ ಪಟ್ಟಿ ಅಂಟಿಸಿದರು. ನಾಲ್ಕು ಹಾಳೆ. ಮೇಲಿಂದ ಕೆಳಗೆ ಮೂರು ಸಲ ಬೆರಳಾಡಿಸಿದೆ. ನನ್ನ ಬದುವಿನ ಆಚೆಯವರು ಇದ್ದಾರೆ, ಈಚೆಯವರೂ ಇದ್ದಾರೆ. ನಡುವೆ ನಾನಿಲ್ಲ. ನೀರು ನನ್ನ ಹೊಲ ಒಂದನ್ನು ಬಿಟ್ಟು ದಾಟಿ ಹೋಯಿತೇನೋ ಅನ್ನೋ ಹಾಗೆ. ತಲಾಟಿಯವರು ಅವತ್ತು ನಾಡಕಚೇರಿಯಲ್ಲಿದ್ದರು. ಓಡಿದೆ. ಅವರು ಕಂಪ್ಯೂಟರ್ ನೋಡಿ ಹೇಳಿದರು.

‘ನಿಮ್ಮ ಸರ್ವೆ ನಂಬರಿನಾಗ ಹೆಸರು ಅದ ನೋಡ್ರಿ.’

‘ಹೆಸರು ಇದ್ರ ಮತ್ತ ಲಿಸ್ಟಿನಾಗ ಯಾಕ್ ಬಂದಿಲ್ರಿ ಸಾಹೇಬ್ರ?’

‘ಅದಕ್ಕೇ ಬಂದಿಲ್ಲ. ಹೆಸರು ಅದ ಅಂತನೇ ಬಂದಿಲ್ಲ.’

‘ನನ್ನ ಹೆಸರು ಅದ ಅಂತಿರಿ, ಬಂದಿಲ್ಲ ಅಂತಿರಿ...’

‘ನಿಮ್ಮ ಹೆಸರಲ್ಲೋ ಮಾರಾಯ, ಹೆಸರು ಕಾಳು!’

ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಹೊರಗೆ ಬಂದ ಮೇಲೆ ಅಳು ಬಂತು.

ಆಗಿದ್ದು ಇಷ್ಟು. ನಮ್ಮ ಕಡೆ ತೊಗರಿ ಸಾಲಿನ ನಡುವೆ ಹೆಸರು ಹಾಕುವುದು ರೂಢಿ. ಜುಲೈ ತಿಂಗಳಲ್ಲಿ ಬೆಳೆ ಸಮೀಕ್ಷೆಯ ಹುಡುಗ ಬಂದು ಮೊಬೈಲ್‌ನಲ್ಲಿ ಫೋಟೋ ಹೊಡೆದಾಗ ಹೆಸರು ದಟ್ಟವಾಗಿ ಬೆಳೆದು ನಿಂತಿತ್ತು, ತೊಗರಿ ಇನ್ನೂ ಗೇಣುದ್ದ. ಅವನು ಹೆಸರು ಅಂತ ಒಂದೇ ಬೆಳೆ ದಾಖಲಿಸಿದ. ಆಗ ನಾನು ಹೊಲದಲ್ಲಿ ಇರಲೂ ಇಲ್ಲ. ಸೆಪ್ಟೆಂಬರ್ ಕೊನೆಗೆ ನೀರು ಬಂದಾಗ ಹೆಸರಿನ ಕಟಾವು ಮುಗಿದಿರುತ್ತದೆ. ಅಂದರೆ ಕಂಪ್ಯೂಟರ್ ಪ್ರಕಾರ ನನ್ನ ಹೊಲ ಖಾಲಿ ಇತ್ತು. ಖಾಲಿ ಹೊಲಕ್ಕೆ ಯಾವ ನಷ್ಟ? ತಲಾಟಿಯವರು ಸತ್ತ ತೊಗರಿಯ ಫೋಟೋ ಹಾಕಿದ್ದರೂ ಎರಡು ದಾಖಲೆಗೂ ತಾಳೆ ಆಗಲಿಲ್ಲ.

ಇದನ್ನು ಮೊದಲೇ ನೋಡಿಕೊಳ್ಳಬಹುದಿತ್ತು. ‘ಬೆಳೆ ದರ್ಶಕ್’ ಅಂತ ಒಂದು ಆಪ್ ಇದೆ. ಊರು, ಸರ್ವೆ ನಂಬರ್ ಹಾಕಿದರೆ ನಿಮ್ಮ ಹೊಲದಲ್ಲಿ ಯಾವ ಬೆಳೆ ಅಂತ ಬರೆದಿದ್ದಾರೆ, ಫೋಟೋ ಯಾವುದು, ಎಲ್ಲ ಕಾಣಿಸುತ್ತದೆ. ತಪ್ಪಿದ್ದರೆ ಅದರಲ್ಲೇ ಆಕ್ಷೇಪಣೆ ಹಾಕಬಹುದು. ನನಗೆ ಆ ಆಪ್ ತೋರಿಸಿದ್ದು ಕಚೇರಿ ಅಲ್ಲ, ಝೆರಾಕ್ಸ್ ಅಂಗಡಿಯ ಹುಡುಗಿ. ಫೋಟೋ ತೆರೆದು ಎರಡು ಬೆರಳಿಂದ ದೊಡ್ಡದು ಮಾಡಿ ‘ಅಣ್ಣಾ, ಇಲ್ಲಿ ನೋಡ್ರಿ, ನಡುವ ತೊಗರಿ ಕಾಣ್ತದ’ ಅಂದಳು. ನಿಜ. ಹೆಸರಿನ ಎಲೆಗಳ ಸಂದಿಯಲ್ಲಿ ಮೂರು ಸಾಲು ಎಳೆ ತೊಗರಿ. ಅದೇ ಫೋಟೋ ಪ್ರಿಂಟ್ ಮಾಡಿಸಿ, ಪಹಣಿ, ಆಧಾರ್ ಮತ್ತು ಎಫ್‌ಐಡಿ ನಂಬರ್ ಜೊತೆ ಒಂದು ಅರ್ಜಿ ಬರೆದು ರೈತ ಸಂಪರ್ಕ ಕೇಂದ್ರಕ್ಕೆ ಕೊಟ್ಟೆ. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ‘ಬೇಕಿಲ್ರಿ, ನೆನಪಿರ್ತದ’ ಅಂದರೂ ಬಿಡಬೇಡಿ. ಆ ಸೀಲಿನ ಕಾಗದ ನನಗೆ ಆಮೇಲೆ ಎರಡು ಸಲ ಕೆಲಸಕ್ಕೆ ಬಂತು.

ಎಫ್‌ಐಡಿ ಅಂದರೆ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ರೈತನಿಗೆ ಕೊಡುವ ನಂಬರ್. ಅದಿಲ್ಲದೆ ಪರಿಹಾರ ಇಲ್ಲ. ಇದ್ದರೂ, ನಿಮ್ಮ ಎಲ್ಲ ಸರ್ವೆ ನಂಬರುಗಳೂ ಅದಕ್ಕೆ ಸೇರಿವೆಯಾ ಅಂತ ಒಮ್ಮೆ ನೋಡಿ.

ಒಂಬತ್ತು ದಿನ ಬಿಟ್ಟು ಮತ್ತೊಮ್ಮೆ ಬಂದು ನೋಡಿ ಸರಿ ಮಾಡಿದರು. ಆ ಒಂಬತ್ತು ದಿನದಲ್ಲೇ ದೀಪಾವಳಿ ಬಂದು ಹೋಯಿತು. ಕಚೇರಿಯ ಹೊರಗೆ ಚಹಾ ಅಂಗಡಿಯಲ್ಲಿ ಒಬ್ಬ ‘500 ಕೊಡ್ರಿ, ನಾಳಿಗೇ ಸೇರಿಸ್ತೀನಿ’ ಅಂದ. ಕೊಡಲಿಲ್ಲ. ನೀತಿವಂತ ಅಂತಲ್ಲ, ಜೇಬಿನಲ್ಲಿ ಬಸ್ ಚಾರ್ಜು ಬಿಟ್ಟು 60 ರೂಪಾಯಿ ಇತ್ತು. ಆಮೇಲೆ ತಿಳಿಯಿತು, ಅವನ ಕೈಯಲ್ಲಿ ಏನೂ ಇರಲಿಲ್ಲ. ಪಟ್ಟಿಯಲ್ಲಿ ಹೇಗೂ ಬರುವವರ ಹತ್ತಿರ ದುಡ್ಡು ತಗೊಂಡು ನಾನೇ ಸೇರಿಸಿದೆ ಅನ್ನುತ್ತಿದ್ದ.

ಈಗ ಅಪ್ಪನ ಹೊಲದ ಕಥೆ. ಪಟ್ಟಿಯಲ್ಲಿ ಅದೂ ಇರಲಿಲ್ಲ. ತಲಾಟಿಯವರನ್ನು ಕೇಳಿದೆ. ತೀರಿಹೋದವರಿಗೆ ದುಡ್ಡು ಹಾಕೋದು ಹೇಗೆ ಅಂತ ಅವರೇ ನನ್ನನ್ನು ಕೇಳಿದರು. ಉತ್ತರ ಇರಲಿಲ್ಲ. 2023ರ ಬರದಲ್ಲೂ ಆ ಹೊಲದ ದುಡ್ಡು ಬಂದಿರಲಿಲ್ಲ. ಆಗ ಮೊದಲು 2,000, ಆಮೇಲೆ ಕೇಂದ್ರದ ಹಣ ಬಂದ ಮೇಲೆ 2024ರ ಮೇನಲ್ಲಿ ಉಳಿದದ್ದು ಅಂತ ಎರಡು ಸಲ ಬಂದಿತ್ತಲ್ಲ, ನನ್ನ ಹೊಲದ್ದು ಬಂತು, ಖುಷಿಯಲ್ಲಿ ಅಪ್ಪನದು ಯಾಕೆ ಬರಲಿಲ್ಲ ಅಂತ ಯೋಚನೆಯೇ ಮಾಡಲಿಲ್ಲ. ಪೌತಿ ಖಾತೆ (ತೀರಿಹೋದವರ ಹೊಲವನ್ನು ವಾರಸುದಾರರ ಹೆಸರಿಗೆ ಮಾಡೋದು) ಮಾಡಿಸಬೇಕು ಅಂತ ಗೊತ್ತಿತ್ತು. ಮಾಡಿಸಿದರಾಯಿತು, ಹೊಲ ಎಲ್ಲಿಗೆ ಓಡಿ ಹೋಗುತ್ತದೆ ಅಂತ ಇದ್ದೆ. ಇನ್ನೊಂದು ಕಾರಣವೂ ಇತ್ತು, ಹೇಳಿಬಿಡುತ್ತೇನೆ. ಪಹಣಿಯಲ್ಲಿ ಅಪ್ಪನ ಹೆಸರು ತೆಗೆಸೋದು ಅಂದರೆ ಅವ್ವನ ಮುಖ ನೋಡೋಕೆ ಆಗುತ್ತಿರಲಿಲ್ಲ.

ಈಗ ಇ-ಪೌತಿ ಅಂತ ಬಂದಿದೆ, ತಲಾಟಿಯವರೇ ಮಾಡುತ್ತಾರೆ. ಮರಣ ಪ್ರಮಾಣಪತ್ರ, ವಂಶಾವಳಿ, ವಾರಸುದಾರರ ಆಧಾರ್ ಬೇಕು. ವಾರಸುದಾರರೆಲ್ಲರ ಮೊಬೈಲ್‌ಗೆ ಆಧಾರ್ ಒಟಿಪಿ ಬರುತ್ತದೆ. ಸುಲಭ ಅಲ್ವಾ? ನಾವು ನಾಲ್ಕು ಜನ. ಅವ್ವ, ನಾನು, ಇಬ್ಬರು ಅಕ್ಕಂದಿರು. ದೊಡ್ಡಕ್ಕ ಸೊಲ್ಲಾಪುರದಲ್ಲಿದ್ದಾಳೆ. ಅವಳ ಆಧಾರ್‌ನಲ್ಲಿರುವ ನಂಬರ್ ಮದುವೆಗೆ ಮುಂಚೆ ಅಪ್ಪ ಕೊಡಿಸಿದ ಸಿಮ್‌ನದು. ಅದು ಬಂದ್ ಆಗಿ ಯಾವ ಕಾಲವಾಯಿತೋ. ಅಲ್ಲಿನ ಆಧಾರ್ ಕೇಂದ್ರದಲ್ಲಿ ಅರ್ಧ ದಿನ ಸಾಲಲ್ಲಿ ನಿಂತು, 75 ರೂಪಾಯಿ ಕಟ್ಟಿ ಹೊಸ ನಂಬರ್ ಹಾಕಿಸಿದಳು. ಭಾವನಿಗೆ ಅನುಮಾನ ಬಂತು, ಹೊಲ ಬರೆಸಿಕೊಳ್ಳೋಕೆ ಕೇಳುತ್ತಿದ್ದಾನಾ ಅಂತ. ಅವರದೂ ತಪ್ಪಲ್ಲ. ಫೋನಿನಲ್ಲಿ ಒಟಿಪಿ ಕೇಳಿದರೆ ಕೊಡಬೇಡಿ ಅಂತ ದಿನಾ ಹೇಳುತ್ತಾರೆ. ನಾನು ಫೋನ್ ಮಾಡಿ ಒಟಿಪಿ ಹೇಳು ಅಂದರೆ? ಕೊನೆಗೆ ಅಕ್ಕ ತಾನೇ ಬಸ್ ಹತ್ತಿ ಬಂದಳು. ಗಡಿಯ ಈಚೆ ಹೆಂಗಸರಿಗೆ ಬಸ್ ಫ್ರೀ. ಸೊಲ್ಲಾಪುರದಿಂದ ಬರೋಕೆ ಪೂರ್ತಿ ಚಾರ್ಜು. ತಲಾಟಿಯವರ ಮೇಜಿನ ಮುಂದೆ ನಾಲ್ಕೂ ಜನ ಕೂತು ನಾಲ್ಕು ಒಟಿಪಿ ಹೇಳಿದೆವು. ಅವ್ವ ತನ್ನದನ್ನು ಒಂದೊಂದೇ ಅಂಕಿ ಓದಿ ಹೇಳಿದಳು. ಮುಗಿದ ಮೇಲೆ ‘ಈಗ ತೆಗೀತಾರೇನು ಅವರ ಹೆಸರು?’ ಅಂತ ಮಾತ್ರ ಕೇಳಿದಳು.

ಅಷ್ಟೆಲ್ಲ ಆದರೂ ಆ ಹೊಲಕ್ಕೆ ಈ ಸಲ ದುಡ್ಡು ಬರಲಿಲ್ಲ. ನೋಟಿಸ್ ಅವಧಿ ಮುಗಿದು ಖಾತೆ ಬದಲಾಗುವ ಹೊತ್ತಿಗೆ ಪರಿಹಾರದ ಎಂಟ್ರಿ ಮುಗಿಯುತ್ತದೆ ಅಂತ ಅವತ್ತೇ ಹೇಳಿದರು. ಹಾಗೇ ಆಯಿತು. ನಿಮ್ಮ ಮನೆಯಲ್ಲೂ ತೀರಿಹೋದವರ ಹೆಸರಿನಲ್ಲಿ ಪಹಣಿ ಇದ್ದರೆ, ಇದನ್ನು ಓದುವುದು ಅರ್ಧಕ್ಕೆ ನಿಲ್ಲಿಸಿ ತಲಾಟಿಗೆ ಫೋನ್ ಮಾಡಿ. ಉಳಿದದ್ದು ಆಮೇಲೆ ಓದಿದರೂ ನಡೆಯುತ್ತದೆ.

ನವೆಂಬರ್‌ನಲ್ಲಿ ಓಣಿಯವರ ಮೊಬೈಲ್‌ಗಳಿಗೆ ಮೆಸೇಜ್ ಬರತೊಡಗಿತು. ನನಗೆ ಬರಲಿಲ್ಲ. ಕಂದಾಯ ಇಲಾಖೆಯ ಪರಿಹಾರ ವೆಬ್‌ಸೈಟಿನಲ್ಲಿ ವರ್ಷ, ಹಂಗಾಮು, ವಿಪತ್ತಿನ ಬಗೆ ಆರಿಸಿ ಆಧಾರ್ ನಂಬರ್ ಹಾಕಿದೆ. ಹಣ ಜಮಾ ಆಗಿದೆ ಅಂತ ತೋರಿಸಿತು. ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿದೆ. ಏನೂ ಇಲ್ಲ. ‘ನಮ್ಮ ಕಡೆ ಬಂದಿಲ್ಲ, ತಹಶೀಲ್ದಾರ್ ಆಫೀಸಿನಾಗ ಕೇಳ್ರಿ’ ಅಂದರು. ಅಲ್ಲಿ ಕೇಳಿದರೆ ‘ನಮ್ಮಿಂದ ಹೋಗ್ಯಾದ, ಬ್ಯಾಂಕಿನಾಗ ಕೇಳ್ರಿ’ ಅಂದರು. ಅವ್ವನ ಕ್ಯಾಲೆಂಡರ್‌ನಲ್ಲಿ ಮೂರು ಗೆರೆ ಇದಕ್ಕೇ ಹೋದವು. ಹಣ ಸಾಲಕ್ಕೆ ಜಮಾ ಆಗಿರಬೇಕು ಅಂತ ಕಾಕಾ ಹೆದರಿಸಿದರು. ಬರ ಪರಿಹಾರದ ಟೈಮಿನಲ್ಲಿ ಕೆಲವು ಕಡೆ ಹಾಗೆ ಆಗಿತ್ತು. ಪರಿಹಾರದ ದುಡ್ಡು ಸಾಲಕ್ಕೆ ಮುರಿದುಕೊಳ್ಳಬೇಡಿ ಅಂತ ಸರ್ಕಾರವೇ ಬ್ಯಾಂಕುಗಳಿಗೆ ಹೇಳಬೇಕಾಯಿತು.

ಮತ್ತೆ ಆ ಝೆರಾಕ್ಸ್ ಅಂಗಡಿಯ ಹುಡುಗಿಯೇ ದಾರಿ ತೋರಿಸಿದಳು. ‘ಡಿಬಿಟಿ ಕರ್ನಾಟಕ’ ಆಪ್ ಹಾಕಿಕೊಟ್ಟಳು. ಆಧಾರ್ ಒಟಿಪಿ ಹಾಕಿ ಒಳಗೆ ಹೋದರೆ ಯಾವ ಯೋಜನೆಯ ದುಡ್ಡು, ಯಾವ ದಿನ, ಯಾವ ಬ್ಯಾಂಕಿಗೆ ಹೋಯಿತು ಅಂತ ಪೂರ್ತಿ ಇರುತ್ತದೆ. ನನ್ನ ದುಡ್ಡು ಹೋಗಿದ್ದು ನಾನು ಕೇಳೇ ಇಲ್ಲದ ಖಾತೆಗೆ. ತಲೆ ಕೆಡಿಸಿಕೊಂಡೆ. ಆಮೇಲೆ ನೆನಪಾಯಿತು. ಹಿಂದೆ ಯಾವಾಗಲೋ ಸಿಮ್ ತಗೊಳ್ಳುವಾಗ ಅಂಗಡಿಯವನು ‘ಹೆಬ್ಬೆಟ್ಟು ಸರಿಯಾಗಿ ಬಂದಿಲ್ಲ, ಇನ್ನೊಮ್ಮೆ ಇಡ್ರಿ’ ಅಂತ ಎರಡು ಸಲ ಇಡಿಸಿದ್ದ. ಒಂದು ಸಿಮ್‌ಗೆ, ಇನ್ನೊಂದು ಸಿಮ್ ಕಂಪನಿಯ ಬ್ಯಾಂಕಿನಲ್ಲಿ ನನಗೆ ಗೊತ್ತಿಲ್ಲದ ಖಾತೆಗೆ!

ಇಲ್ಲಿ ತಿಳಿದುಕೊಳ್ಳಬೇಕಾದ್ದು ಇಷ್ಟು. ಪರಿಹಾರದ ದುಡ್ಡು ನೀವು ಪಾಸ್‌ಬುಕ್ ಝೆರಾಕ್ಸ್ ಕೊಟ್ಟ ಖಾತೆಗೆ ಬರುವುದಿಲ್ಲ. ಆಧಾರ್‌ಗೆ ಕೊನೆಯದಾಗಿ ಯಾವ ಖಾತೆ ಜೋಡಣೆಯಾಗಿದೆಯೋ ಅದಕ್ಕೆ ಬರುತ್ತದೆ. ಯಾವುದು ಅಂತ ಆಧಾರ್ ವೆಬ್‌ಸೈಟಿನಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಅನ್ನುವಲ್ಲಿ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಬ್ಯಾಂಕಿನವರು ‘ಆಧಾರ್ ಲಿಂಕ್ ಆಗ್ಯಾದ’ ಅಂದರೆ ಅಷ್ಟಕ್ಕೇ ಎದ್ದು ಬರಬೇಡಿ. ಲಿಂಕ್ ಬೇರೆ, ಸರ್ಕಾರದ ದುಡ್ಡು ಬರುವ ಸೀಡಿಂಗ್ ಬೇರೆ. ‘ಎನ್‌ಪಿಸಿಐ ಸೀಡಿಂಗ್’ ಅಂತಲೇ ಕೇಳಿ, ಫಾರ್ಮ್ ತುಂಬಿ ಕೊಡಿ.

ಪುಣ್ಯಕ್ಕೆ ಆ ಸಿಮ್ ಇನ್ನೂ ನನ್ನ ಹತ್ತಿರ ಇತ್ತು. ಖಾತೆಯಲ್ಲಿ 11,179 ಹಾಗೇ ಕೂತಿತ್ತು. ತೆಗೆಯೋಕೆ ಎರಡು ದಿನ ಆ ಸಿಮ್ ಅಂಗಡಿಗೆ ಅಲೆದೆ, ಒಂದೇ ಸಲ ಅಷ್ಟು ನಗದು ಅವರ ಹತ್ತಿರ ಇರಲಿಲ್ಲ. ಸೀಡಿಂಗ್ ಬದಲಾಯಿಸಿದ ಮೇಲೆ ಬಂದ ಎರಡನೇ ಕಂತು ಮಾತ್ರ ನನ್ನ ಉಳಿತಾಯ ಖಾತೆಗೇ ಬಂತು, ಮೆಸೇಜ್ ಸಮೇತ.

ಖರ್ಚು ಕೇಳುತ್ತೀರಿ ಅಂತ ಗೊತ್ತು. ಬಸ್ಸು, ಝೆರಾಕ್ಸು, ಪಹಣಿ ಪ್ರಿಂಟು, ಫೋಟೋ, ಚಹಾ, ಅಕ್ಕನ ಬಸ್ ಚಾರ್ಜು ಸೇರಿ 2,300ರ ಆಸುಪಾಸು. ಹದಿನಾಲ್ಕು ದಿನದ ಕೂಲಿ ಬಿಟ್ಟಿದ್ದು ಇದರಲ್ಲಿ ಸೇರಿಲ್ಲ. ಬಂದ ದುಡ್ಡಲ್ಲಿ ಗೊಬ್ಬರದ ಅಂಗಡಿಯ ಬಾಕಿ ಅರ್ಧ ತೀರಿಸಿದೆ. ನವೆಂಬರ್ ಮೊದಲಲ್ಲೇ ಸಾಲ ತಂದು ಎರಡೂ ಹೊಲ ಹಸನು ಮಾಡಿ ಕಡಲೆ ಬಿತ್ತಿದ್ದೆ, ಅದರ ಬೀಜದ ದುಡ್ಡು ಕೊಟ್ಟೆ. ಎಳ್ಳ ಅಮಾವಾಸ್ಯೆಗೆ ಅವ್ವ ಭಜ್ಜಿ, ಸಜ್ಜೆ ರೊಟ್ಟಿ ಮಾಡಿ ಹೊಲಕ್ಕೆ ತಂದಳು. ಚರಗ ಚೆಲ್ಲುವಾಗ ಯಾವತ್ತೂ ಅಪ್ಪನ ಹೊಲದಿಂದ ಶುರು ಮಾಡುತ್ತಾಳೆ, ಈ ಸಲವೂ ಹಾಗೇ.

ಅದರ ಮಾರನೇ ವಾರ ಹಿಂಗಾರು ಬೆಳೆ ಸಮೀಕ್ಷೆಗೆ, ಜುಲೈನಲ್ಲಿ ಬಂದಿದ್ದ ಅದೇ ಹುಡುಗ ಬಂದ. ನಾನು ಬೆಳಿಗ್ಗೆಯಿಂದಲೇ ಬದುವಿನ ಮೇಲೆ ಕಾಯುತ್ತಾ ಕೂತಿದ್ದೆ. ಫೋಟೋ ಹೊಡೆದ. ‘ತಮ್ಮಾ, ತೋರ್ಸು’ ಅಂದೆ. ಬೆಳೆಯ ಜಾಗದಲ್ಲಿ ‘ಕಡಲೆ’ ಅಂತ ಇತ್ತು. ಮತ್ತೊಮ್ಮೆ ನೋಡಿದೆ, ಕಡಲೆಯೇ. ಅದರ ಮೇಲಿನ ಸಾಲಿನಲ್ಲಿ, ಮಾಲೀಕರ ಜಾಗದಲ್ಲಿ, ಇನ್ನೂ ಅಪ್ಪನ ಹೆಸರೇ ಇತ್ತು.